ಜಗಲಿ: ಮನೆಗೂ ಬೀದಿಗೂ ಸೇರಿದ ಠಾವು

ಬಾಗಿಲಿನ ಹೊರಗೆ, ಬೀದಿಗಿಂತ ಎರಡಡಿ ಎತ್ತರದಲ್ಲಿ, ಸೂರಿನ ನೆರಳಿನಲ್ಲಿ ಮನೆಯ ಉದ್ದಕ್ಕೂ ಚಾಚಿಕೊಂಡಿರುವ ಕಟ್ಟೆಯೇ ಜಗಲಿ. ಅಡುಗೆಮನೆ, ದೇವರಮನೆಗಳಂತೆ ಇದೂ ಕರ್ನಾಟಕದ ಹಳೆಯ ಮನೆಗಳ ಅನಿವಾರ್ಯ ಅಂಗವಾಗಿತ್ತು. ಆದರೆ ಉಳಿದ ಭಾಗಗಳಿಗಿಲ್ಲದ ಒಂದು ವಿಶೇಷ ಇದಕ್ಕಿದೆ. ಜಗಲಿಯನ್ನು ಕಟ್ಟಿಸುತ್ತಿದ್ದವನು ಮನೆಯ ಯಜಮಾನ, ಸಾರಿಸಿ ಗುಡಿಸಿ ಒಪ್ಪವಾಗಿಡುತ್ತಿದ್ದವರು ಆ ಮನೆಯ ಹೆಂಗಸರು, ಬಳಸುತ್ತಿದ್ದುದು ಮಾತ್ರ ಇಡೀ ಬೀದಿ. ಅಲ್ಲಿ ಕುಳಿತುಕೊಳ್ಳಲು ಮನೆಯವರ ಅಪ್ಪಣೆ ಬೇಕಿರಲಿಲ್ಲ. ಕುಳಿತವನು ಒಳಗೆ ಬರಲೇಬೇಕೆಂಬ ಒತ್ತಾಯವಾಗಲಿ, ಮನೆಯವರು ಅವನನ್ನು ಒಳಗೆ ಕರೆಯಲೇಬೇಕೆಂಬ ಕಟ್ಟುಪಾಡಾಗಲಿ ಇರಲಿಲ್ಲ.

ಇಂಥದೊಂದು ಏರ್ಪಾಡು ಯಾವ ಕಾಗದಪತ್ರದಲ್ಲಿಯೂ ದಾಖಲಾಗದೆ ತಲೆಮಾರುಗಳವರೆಗೆ ನಡೆದುಬಂದಿತು. ದಾಖಲೆ ಕೇಳುವ ಕಾಲ ಬಂದಾಗ ಜಗಲಿ ಮೊದಲು ಕಳೆದುಹೋದದ್ದಕ್ಕೂ ಇದೇ ಕಾರಣ. ಬರೆಯದ ಆ ನಿಯಮಗಳಲ್ಲಿ ಉದಾರತೆಯ ಜೊತೆಗೇ ಕ್ರೌರ್ಯವೂ ಇತ್ತು. ಜಗಲಿಯ ಬಗ್ಗೆ ಇಂದು ಕೇಳಿಬರುವ ಹಳಹಳಿಕೆಯ ಮಾತುಗಳಲ್ಲಿ ಈ ಎರಡನೆಯ ಸಂಗತಿ ಸಾಮಾನ್ಯವಾಗಿ ಮರೆತುಹೋಗಿರುತ್ತದೆ.

ಒಂದೇ ಕಟ್ಟೆ, ಹಲವು ಹೆಸರು

ಜಗಲಿ, ಜಗುಲಿ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು ಈ ಶಬ್ದಕ್ಕೆ ಮನೆಯ ಮುಂದಿನ ಅಥವಾ ಒಳಗಿನ ಎತ್ತರಿಸಿದ, ತೆರೆದ ಮೊಗಸಾಲೆ ಎಂಬ ಅರ್ಥವನ್ನು ಕೊಡುತ್ತದೆ. ತುಳುವಿನಲ್ಲಿಯೂ ಜಗಲಿ ಎಂದೇ ಹೆಸರು. ಹಳೆಯ ಮೈಸೂರು ಸೀಮೆಯಲ್ಲಿ ತಲೆಬಾಗಿಲಿನ ಎಡಬಲಗಳಲ್ಲಿರುವ ಕಟ್ಟೆಗಳನ್ನು ಜಗಲಿ ಎಂದರೆ, ಮಲೆನಾಡು ಹಾಗೂ ಉತ್ತರ ಕನ್ನಡದ ದೊಡ್ಡ ಮನೆಗಳಲ್ಲಿ ಹೊರಜಗಲಿ, ಒಳಜಗಲಿ ಎಂಬ ಭೇದವುಂಟು. ಕರಾವಳಿಯ ಗುತ್ತಿನ ಮನೆಗಳಲ್ಲಿ ಇದೇ ಕೆಲಸವನ್ನು ಚಾವಡಿ ನಿರ್ವಹಿಸುತ್ತದೆ. ಕೊಡಗಿನ ಐನ್‌ಮನೆಗಳ ಮುಂಭಾಗದ ಮೊಗಸಾಲೆಗೆ ಕಯ್ಯಾಲೆ ಎಂದು ಹೆಸರು. ಅಲ್ಲಿನ ಕಂಬಗಳ ನಡುವೆ ಜೋಡಿಸಿದ ದಪ್ಪ ಹಲಗೆಯ ಪೀಠವೇ ಐಮರ. ಐಮರದ ಮೇಲೆ ಕುಳಿತುಕೊಳ್ಳುವುದು ಕುಟುಂಬದ ಹಿರಿಯರಿಗೆ ಸಂದ ಮರ್ಯಾದೆ.

ಉತ್ತರ ಕರ್ನಾಟಕಕ್ಕೆ ಹೋದರೆ ಶಬ್ದ ತುಸು ಗೊಂದಲ ಹುಟ್ಟಿಸುತ್ತದೆ. ಅಲ್ಲಿ ಮನೆಯ ಮುಂದಿರುವುದು ಕಟ್ಟೆ, ಒಳಗೆ ಕಾಲಿಟ್ಟೊಡನೆ ಸಿಗುವುದು ಪಡಸಾಲೆ. ಜಗಲಿ ಎಂದರೆ ಎಷ್ಟೋ ಮನೆಗಳಲ್ಲಿ ದೇವರನ್ನು ಇರಿಸಿ ಪೂಜಿಸುವ ಪೀಠ. ದಕ್ಷಿಣದಿಂದ ಮದುವೆಯಾಗಿ ಹೋದ ಸೊಸೆಗೆ ‘ಜಗಲಿಗೆ ದೀಪ ಹಚ್ಚು’ ಎಂದು ಹೇಳಿದರೆ ಆಕೆ ಬೀದಿಯ ಕಡೆಗೆ ನಡೆದಾಳು! ಎತ್ತರಿಸಿ ಕಟ್ಟಿದ ಪೀಠ ಎಂಬ ಮೂಲ ಅರ್ಥ ಎರಡರಲ್ಲಿಯೂ ಇದೆ. ಒಂದರಲ್ಲಿ ದೇವರು ಕುಳಿತಿದ್ದಾನೆ, ಇನ್ನೊಂದರಲ್ಲಿ ದಾರಿಹೋಕ.

ನೆರೆಯ ಭಾಷೆಗಳಲ್ಲಿಯೂ ಇದಕ್ಕೆ ಸ್ವಂತ ಹೆಸರುಗಳಿವೆ. ತಮಿಳಿನಲ್ಲಿ ತಿಣ್ಣೈ, ತೆಲುಗಿನಲ್ಲಿ ಅರುಗು, ಗುಜರಾತಿಯಲ್ಲಿ ಓಟ್ಲೊ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ಇದು ‘ಪಯಲ್’ ಅಥವಾ ‘ಪಯೋಲ್’ ಎನಿಸಿಕೊಂಡಿತು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ಕೋಶವು ಈ ಪದದ ಮೂಲವನ್ನು ಪೋರ್ಚುಗೀಸ್ ಭಾಷೆಯಲ್ಲಿ ಗುರುತಿಸುತ್ತದೆ. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿದವರಿಗೆ ಈ ಪದ ಪರಿಚಿತ. ಅವರ ಪ್ರಸಿದ್ಧ ಜ್ಯೋತಿಷಿಯ ಕಥೆ ಮುಗಿಯುವುದೇ ಆತ ರಾತ್ರಿ ಊಟ ಮುಗಿಸಿ ಜಗಲಿಯ ಮೇಲೆ ಮೈಚಾಚುವುದರೊಂದಿಗೆ. ಶಂಕರ್‌ನಾಗ್ 1980ರ ದಶಕದಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಲು ಆಗುಂಬೆಯನ್ನು ಆಯ್ದುಕೊಂಡರು. ಅಲ್ಲಿನ ‘ದೊಡ್ಡಮನೆ’ಯನ್ನು ನೋಡಲು ಇಂದಿಗೂ ಪ್ರವಾಸಿಗರು ಬರುತ್ತಾರೆ.

ಮಳೆ, ಬಿಸಿಲು, ಕಲ್ಲು

ಜಗಲಿಯ ರಚನೆಯನ್ನು ನಿರ್ಧರಿಸಿದ್ದು ಹವಾಮಾನ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆಗಳಲ್ಲಿ ಗೋಡೆ ನೆನೆಯದಂತೆ ಸೂರನ್ನು ಮುಂದಕ್ಕೆ ಇಳಿಬಿಡಲೇಬೇಕು. ಹಾಗೆ ಇಳಿಬಿಟ್ಟ ಸೂರಿನ ಕೆಳಗೆ ದೊರೆತ ಜಾಗವನ್ನು ಮಣ್ಣು ತುಂಬಿಸಿ ಎತ್ತರಿಸಿದರೆ ಜಗಲಿಯಾಯಿತು. ಮಳೆಗಾಲದಲ್ಲಿ ಇರಚಲು ಹೊಡೆಯದಂತೆ ಅಡಿಕೆ ಸೋಗೆಯ ತಟ್ಟಿಗಳನ್ನು ಕಟ್ಟುವುದು ಮಲೆನಾಡಿನ ವಾಡಿಕೆ. ಬಯಲುಸೀಮೆಯಲ್ಲಿ ಕಾರಣ ಬಿಸಿಲು. ಮಧ್ಯಾಹ್ನ ಕಾಯುವ ಗೋಡೆಗೂ ಬೀದಿಗೂ ನಡುವೆ ಒಂದು ನೆರಳಿನ ಪಟ್ಟಿ ಇದ್ದರೆ ಒಳಗಿನ ಕೋಣೆ ತಂಪಾಗಿರುತ್ತದೆ.

ಸಾಮಗ್ರಿ ಆಯಾ ಸೀಮೆಯದು. ಕರಾವಳಿಯಲ್ಲಿ ಮುರಕಲ್ಲು, ಕಲಬುರಗಿ ಕಡೆ ಶಹಾಬಾದಿನ ಹಾಸುಗಲ್ಲು, ಮೈಸೂರು ಸೀಮೆಯಲ್ಲಿ ಒರಟು ಕಗ್ಗಲ್ಲಿನ ಚಪ್ಪಡಿ. ಬಡವರ ಮನೆಯಲ್ಲಿ ಮಣ್ಣಿನ ದಿಂಡು, ಅದರ ಮೇಲೆ ಸಗಣಿಯ ಸಾರಣೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಹುಲ್ಲು, ಸೋಗೆ, ನಾಡಹೆಂಚುಗಳ ಜಾಗಕ್ಕೆ ಮಂಗಳೂರು ಹೆಂಚು ಬಂದಿತು. ಮುಂದೆ ಸಿಮೆಂಟು ಕೈಗೆಟಕುವಂತಾದಾಗ ಕೆಂಪು ಗಾರೆಯ ನುಣುಪು ನೆಲ ಜಗಲಿಗಳಿಗೆ ಬಂತು. ಎರಡು ತಲೆಮಾರಿನವರು ಕುಳಿತು ಎದ್ದು ಕನ್ನಡಿಯಂತೆ ಹೊಳೆಯುವ ಅಂಥ ನೆಲವನ್ನು ಇಂದಿನ ಟೈಲ್ಸ್ ಸರಿಗಟ್ಟಲಾರದು.

ಎತ್ತರದ ಲೆಕ್ಕಾಚಾರವೂ ಗಮನಾರ್ಹ. ಕುಳಿತವನು ಕಾಲು ಇಳಿಬಿಡುವಷ್ಟು, ನಡೆದು ಹೋಗುವವನ ಮುಖ ಕುಳಿತವನ ಮುಖಕ್ಕೆ ಹೆಚ್ಚುಕಡಿಮೆ ಸಮನಾಗುವಷ್ಟು ಎತ್ತರ. ದಾರಿಯಲ್ಲಿ ಹೋಗುವವನು ನಿಲ್ಲದೆಯೇ ಎರಡು ಮಾತಾಡಿ ಮುಂದುವರಿಯಬಹುದು. ಮನಸ್ಸಾದರೆ ಕುಳಿತುಕೊಳ್ಳಬಹುದು. ತಲೆಯ ಮೇಲೆ ಹೊರೆ ಹೊತ್ತವನು ಬಗ್ಗದೆ ಅದನ್ನು ಇಳಿಸಬಹುದು.

ಜಗಲಿಯ ದಿನಚರಿ

ಬೆಳಗಿನ ಜಗಲಿ ವೃದ್ಧರದು. ಎಳೆಬಿಸಿಲು ಬೀಳುವ ಕಡೆ ಕಂಬಳಿ ಹೊದ್ದು ಕುಳಿತವರ ಮುಂದೆಯೇ ಹಾಲಿನವಳು, ಹೂವಾಡಗಿತ್ತಿ, ಸೊಪ್ಪಿನವಳು ಹಾದುಹೋಗುತ್ತಾರೆ. ಬಾಗಿಲ ಮುಂದೆ ರಂಗೋಲಿ ಬಿದ್ದಿಲ್ಲದಿದ್ದರೆ ಆ ಮನೆಯಲ್ಲಿ ಏನೋ ಆಗಿದೆ ಎಂಬುದು ಮೊದಲು ತಿಳಿಯುವುದು ಎದುರು ಜಗಲಿಗೆ. ದಿನಪತ್ರಿಕೆಗೆ ಚಂದಾದಾರರು ಬೀದಿಗೊಬ್ಬರೋ ಇಬ್ಬರೋ ಇದ್ದ ಕಾಲದಲ್ಲಿ ಪತ್ರಿಕೆಯನ್ನು ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುತ್ತಿದ್ದುದು ಇಲ್ಲಿಯೇ. ಒಂದು ಪ್ರತಿಗೆ ಹತ್ತು ಹನ್ನೆರಡು ಓದುಗರು ಎಂಬ ಮಾತಿಗೆ ಆಗ ಅಕ್ಷರಶಃ ಅರ್ಥವಿತ್ತು. ಅಂಚೆಯವನು ಕಾಗದ ತಂದುಕೊಟ್ಟು, ಓದಲು ಬಾರದವರಿಗೆ ತಾನೇ ಓದಿ ಹೇಳಿ, ಒಂದು ಲೋಟ ಮಜ್ಜಿಗೆ ಕುಡಿದು ಹೊರಡುತ್ತಿದ್ದ. ಮನೆಯ ಗುಟ್ಟು ಅಲ್ಲಿಗೆ ಬೀದಿಯ ಗುಟ್ಟಾಗುತ್ತಿತ್ತು ಎಂಬುದೂ ನಿಜ.

ಮಧ್ಯಾಹ್ನ ಗಂಡಸರು ಹೊಲಕ್ಕೋ ಅಂಗಡಿಗೋ ಹೋದ ಮೇಲೆ ಜಗಲಿ ಹೆಂಗಸರ ಪಾಲಿಗೆ ಬರುತ್ತಿತ್ತು. ಇದನ್ನು ಬಿಡುವಿನ ವೇಳೆ ಎಂದು ಕರೆಯುವುದು ಸರಿಯಾಗದು. ಅಕ್ಕಿಯಲ್ಲಿ ಕಲ್ಲು ಆರಿಸುವುದು, ಹೂ ಕಟ್ಟುವುದು, ಹಪ್ಪಳ ಲಟ್ಟಿಸುವುದು, ಬತ್ತಿ ಹೊಸೆಯುವುದು, ಹೆಣ್ಣುಮಕ್ಕಳ ತಲೆ ಬಾಚುವುದು, ಎಲ್ಲವೂ ಕೆಲಸವೇ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮನೆಯಲ್ಲೇ ಬೀಡಿ ಕಟ್ಟುವ ಮಹಿಳೆಯರಿಗೆ ಜಗಲಿಯೇ ಕಾರ್ಖಾನೆಯಾಯಿತು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ತಂಬಾಕು ಮತ್ತು ಎಲೆ. ಕೈ ಕೆಲಸದಲ್ಲಿ, ಮಾತು ಪಕ್ಕದ ಮನೆಯವಳೊಂದಿಗೆ. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಬಂದ ಕೇಂದ್ರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದೇ ಪರಿಗಣಿಸಿತು. ಎಲೆಯ ತೂಕದಲ್ಲಿ ಮೋಸವಾದದ್ದು, ಕಟ್ಟಿದ ಬೀಡಿಯಲ್ಲಿ ಇಷ್ಟು ಕೆಟ್ಟದೆಂದು ತಳ್ಳಿಹಾಕಿದ್ದು ಮೊದಲು ಚರ್ಚೆಯಾಗುತ್ತಿದ್ದುದು ಇದೇ ಜಗಲಿಗಳಲ್ಲಿ.

ಸಂಜೆಯ ಜಗಲಿ ಗಂಡಸರದು. ಕಟ್ಟೆಪುರಾಣ, ಹರಟೆಕಟ್ಟೆ, ಸೋಮಾರಿಕಟ್ಟೆ ಮೊದಲಾದ ಪದಗಳಲ್ಲಿರುವ ತಿರಸ್ಕಾರವನ್ನು ಬದಿಗಿಟ್ಟು ನೋಡಿದರೆ ಅಲ್ಲಿ ನಡೆಯುತ್ತಿದ್ದ ವ್ಯವಹಾರದ ಗಾತ್ರ ಸಣ್ಣದಲ್ಲ. ಪೇಟೆಯ ಧಾರಣೆ, ಕೆರೆಗೆ ಬಂದ ನೀರು, ಹೆಣ್ಣು ಗಂಡು ನೋಡುವ ಪ್ರಸ್ತಾಪ, ಬದುವಿನ ತಗಾದೆ, ಚುನಾವಣೆಯಲ್ಲಿ ಯಾರಿಗೆ ಎಂಬ ಲೆಕ್ಕ ಎಲ್ಲವೂ ಇಲ್ಲಿಯೇ ತೀರ್ಮಾನವಾಗುತ್ತಿದ್ದವು. ಒಳಗೆ ಕರೆದು ಮಾತಾಡಿದರೆ ಅದು ಗುಟ್ಟು, ಜಗಲಿಯಲ್ಲಿ ಆಡಿದರೆ ಹತ್ತು ಜನ ಸಾಕ್ಷಿ. ಸಾಲ ಕೊಟ್ಟವನು ಜಗಲಿಯಲ್ಲಿ ಬಂದು ಸುಮ್ಮನೆ ಕುಳಿತರೆ ಸಾಕು, ಬಾಯಿ ಬಿಡಬೇಕಾಗಿಯೇ ಇರಲಿಲ್ಲ.

ಅಡಿಕೆ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಜಗಲಿ ರಾತ್ರಿಯೂ ಎಚ್ಚರವಾಗಿರುತ್ತಿತ್ತು. ನೆರೆಯವರು ಮೆಟ್ಟುಗತ್ತಿಗಳನ್ನು ಹಿಡಿದು ಬಂದು ಸಾಲಾಗಿ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ಇಂದು ಈ ಮನೆಯಲ್ಲಿ, ನಾಳೆ ಆ ಮನೆಯಲ್ಲಿ. ನಿದ್ದೆ ಬಾರದಿರಲೆಂದು ಕಥೆ, ಪದ್ಯ, ಯಕ್ಷಗಾನದ ಪ್ರಸಂಗದ ಮಾತು. ಯಂತ್ರಗಳು ಬಂದ ಮೇಲೆ ಸುಲಿಯುವ ಕೆಲಸ ಬೇಗ ಮುಗಿಯತೊಡಗಿತು, ಕಥೆಗಳು ನಿಂತವು.

ಕಲೆಗೂ ಜಗಲಿ, ಚಾವಡಿಗಳು ವೇದಿಕೆಯಾಗಿದ್ದವು. ವೇಷವಿಲ್ಲದೆ ಕುಳಿತು ಅರ್ಥ ಹೇಳುವ ತಾಳಮದ್ದಳೆಗೆ ರಂಗಸ್ಥಳ ಬೇಕಿಲ್ಲ. ಮಳೆಗಾಲದಲ್ಲಿ ಬಯಲಾಟಗಳು ನಿಂತಾಗ ನಾಲ್ಕೈದು ಕಲಾವಿದರ ‘ಚಿಕ್ಕಮೇಳ’ ಮನೆಮನೆಗೆ ಹೋಗಿ ದೀಪದ ಮುಂದೆ ಪ್ರಸಂಗದ ಒಂದು ಭಾಗವನ್ನು ಆಡಿ ತೋರಿಸುವ ಪದ್ಧತಿ ಕರಾವಳಿಯಲ್ಲಿ ಈಗಲೂ ಇದೆ. ನವರಾತ್ರಿಯಲ್ಲಿ ಹುಡುಗರು ಮನೆಮನೆಗೆ ಬಂದು ಕುಳಿತು ನಡೆಸಿಕೊಡುವ ಹೂವಿನಕೋಲು ಕುಂದಾಪುರ, ಉಡುಪಿ ಕಡೆಯದು. ಮಕ್ಕಳ ಪಾಲಿಗೆ ಜಗಲಿಯ ಕಲ್ಲೇ ಮಣೆ. ಚೌಕಾಬಾರ, ಹುಲಿ-ಕುರಿ ಆಟಗಳ ಗೆರೆಗಳನ್ನು ಚಪ್ಪಡಿಯಲ್ಲೇ ಕೊರೆದಿರುವುದನ್ನು ಹಳೆಯ ಮನೆ, ಗುಡಿಗಳಲ್ಲಿ ಕಾಣಬಹುದು. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಗೆ ಚೆನ್ನೆಮಣೆ ಹೊರಬರುತ್ತಿತ್ತು.

ಇನ್ನು ರಾತ್ರಿಯ ಜಗಲಿ ಅಪರಿಚಿತರದು. ಕತ್ತಲಾದ ಮೇಲೆ ಊರಿಗೆ ಬಂದ ಪ್ರಯಾಣಿಕ, ಬಳೆಗಾರ, ಭಿಕ್ಷುಕ, ಯಾತ್ರಿಕ ಯಾರೇ ಆಗಲಿ ಯಾವುದಾದರೂ ಜಗಲಿಯ ಮೇಲೆ ಮಲಗಿ ಬೆಳಗ್ಗೆ ಎದ್ದು ಹೋಗಬಹುದಿತ್ತು. ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತರಿಗೆ ದಾರಿಯ ಊರುಗಳವರು ನೆರಳು, ನೀರು, ಊಟ ಕೊಡುವುದು ಇಂದಿಗೂ ನಡೆದಿದೆ. ಸಾವು ಸಂಭವಿಸಿದಾಗಲೂ ಮೊದಲು ಜನ ಸೇರುವುದು ಜಗಲಿಯಲ್ಲೇ. ಒಳಗೆ ಹೋಗಲು ಸಂಕೋಚಪಡುವ ದೂರದ ಪರಿಚಯದವನೂ ಅಲ್ಲಿ ಒಂದು ಗಳಿಗೆ ಕುಳಿತು, ಏನೂ ಹೇಳದೆ, ಬಂದ ಕರ್ತವ್ಯ ಮುಗಿಸಬಹುದು.

ಮರಳಿನ ಮೇಲಿನ ಅಕ್ಷರ

ಸರ್ಕಾರಿ ಶಾಲೆಗಳು ಬರುವ ಮುನ್ನ ಅಕ್ಷರಾಭ್ಯಾಸ ನಡೆಯುತ್ತಿದ್ದುದು ಕೂಲಿಮಠಗಳಲ್ಲಿ. ಇವುಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಕಟ್ಟಡ ಇರಲಿಲ್ಲ. ಗುಡಿಯ ಪ್ರಾಂಗಣ, ಮಠ, ಅನುಕೂಲಸ್ಥರ ಅಥವಾ ಅಯ್ಯನವರ ಮನೆಯ ಜಗಲಿಯೇ ಶಾಲೆ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ದೇಶೀ ಶಿಕ್ಷಣದ ಕುರಿತು ಮಾಹಿತಿ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿ ಈ ವಿಷಯದಲ್ಲಿ ಅಮೂಲ್ಯ ದಾಖಲೆ. ಇಂದಿನ ಆಂಧ್ರದ ಕೆಲ ಭಾಗಗಳೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಒಟ್ಟು ವಿದ್ಯಾರ್ಥಿಗಳು 6,641. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಬಳಿಕ ಬಟ್ಟೆಗೆ ಗಂಜಿ ಮತ್ತು ಇದ್ದಿಲಿನ ಪುಡಿ ಬಳಿದು ಮಾಡಿದ ಕಡತದ ಮೇಲೆ ಬಳಪದಿಂದ ಬರೆಯುತ್ತಿದ್ದರೆಂಬುದೂ ಇದೇ ವರದಿಯಿಂದ ತಿಳಿಯುತ್ತದೆ. 6,641 ಮಕ್ಕಳ ಪೈಕಿ ಹೆಣ್ಣುಮಕ್ಕಳ ಸಂಖ್ಯೆ 60.

ಮುಂದೆ ಚಾರ್ಲ್ಸ್ ಗೋವರ್ ಮದ್ರಾಸಿನ ಇಂಥ ಶಾಲೆಗಳ ಕುರಿತು ಬರೆದ ಲೇಖನ 1873ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯಲ್ಲಿಯೇ ಅವು ‘ಪಯಲ್ ಶಾಲೆ’ಗಳು, ಅಂದರೆ ಜಗಲಿ ಶಾಲೆಗಳು. ದಕ್ಷಿಣ ಭಾರತದ ಜಾನಪದ ಗೀತೆಗಳ ಸಂಗ್ರಹದಲ್ಲಿ ಕನ್ನಡದ ಪದಗಳಿಗೂ ಸ್ಥಾನ ಕೊಟ್ಟ ಗೋವರ್ ಇವರೇ.

ಹತ್ತಬಹುದಾದವರು, ಹತ್ತಬಾರದವರು

ಅಪ್ಪಣೆ ಬೇಕಿಲ್ಲದೆ ಯಾರು ಬೇಕಾದರೂ ಕುಳಿತುಕೊಳ್ಳಬಹುದಿತ್ತು ಎಂಬ ಮಾತಿನಲ್ಲಿ ‘ಯಾರು ಬೇಕಾದರೂ’ ಎಂಬುದಕ್ಕೆ ಮಿತಿಯಿತ್ತು. ಮಲೆನಾಡು, ಕರಾವಳಿಯ ಭೂಮಾಲೀಕರ ಮನೆಗಳಲ್ಲಿ ಅಂಗಳದಿಂದ ಜಗಲಿಗೆ, ಜಗಲಿಯಿಂದ ಒಳಜಗಲಿಗೆ, ಅಲ್ಲಿಂದ ನಡುಮನೆಗೆ ಏರುವ ಒಂದೊಂದು ಮೆಟ್ಟಿಲೂ ಒಂದೊಂದು ಜಾತಿಗೆ ಗಡಿಯಾಗಿತ್ತು. ಒಕ್ಕಲು ಮಕ್ಕಳಲ್ಲಿ ಕೆಲವರಿಗೆ ಜಗಲಿಯ ಅಂಚು, ಕೆಲವರಿಗೆ ಮೆಟ್ಟಿಲು. ದಲಿತರಿಗೆ ಅಂಗಳ, ಅದೂ ದೂರದ ಮೂಲೆ. ಮಳೆ ಸುರಿಯುತ್ತಿದ್ದರೂ ಸೂರಿನಡಿಗೆ ಬರುವಂತಿರಲಿಲ್ಲ. ಕೂಲಿಯ ಭತ್ತವನ್ನು ಮೇಲಿನಿಂದ ಸುರಿಯಲಾಗುತ್ತಿತ್ತು, ಕುಡಿಯುವ ನೀರನ್ನು ಬೊಗಸೆಗೆ ಎತ್ತರದಿಂದ ಹೊಯ್ಯಲಾಗುತ್ತಿತ್ತು. ಜಗಲಿಯ ಎರಡಡಿ ಎತ್ತರ ಇಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ಶಿವರಾಮ ಕಾರಂತರ ‘ಚೋಮನ ದುಡಿ’ (1933) ಕಾದಂಬರಿಯ ಚೋಮ ಬೇಸಾಯಕ್ಕೆ ತುಂಡು ನೆಲವನ್ನು ಬೇಡಿ ಒಡೆಯ ಸಂಕಪ್ಪಯ್ಯನ ಮನೆಗೆ ಬಂದಾಗ ಅವನಿಗೆ ಸಲ್ಲುವ ಜಾಗ ಅಂಗಳವೇ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗಳಲ್ಲಿಯೂ ಯಾರು ಎಲ್ಲಿ ನಿಂತರು, ಎಲ್ಲಿ ಕುಳಿತರು ಎಂಬುದನ್ನು ಗಮನಿಸುತ್ತಾ ಹೋದರೆ ಆ ಮಲೆನಾಡಿನ ಸಮಾಜದ ನಕ್ಷೆಯೇ ಕಣ್ಣಮುಂದೆ ಬರುತ್ತದೆ.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಅನುಭವ ಇನ್ನೊಂದು ಬಗೆಯದು. 1948ರಲ್ಲಿ ಮೈಸೂರು ಸಮೀಪದ ಹಳ್ಳಿಯೊಂದರಲ್ಲಿ ಅವರು ಅಧ್ಯಯನಕ್ಕಾಗಿ ಉಳಿದುಕೊಂಡದ್ದು ಊರ ಮುಖಂಡರ ಎತ್ತಿನ ಮನೆಯಲ್ಲಿ. ಊರಿನವರು ಅಲ್ಲಿಗೇ ಬಂದು ಅವರೊಂದಿಗೆ ಮಾತಿಗೆ ಕೂರುತ್ತಿದ್ದರು, ಏಕಾಂತವೆಂಬುದು ದುರ್ಲಭವಾಗಿತ್ತು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಬೆಂಕಿಗೆ ಅವರ ಟಿಪ್ಪಣಿಗಳು ಸಿಕ್ಕಿ ನಾಶವಾದಾಗ ಹೆಚ್ಚಾಗಿ ನೆನಪನ್ನೇ ನೆಚ್ಚಿ ‘ದಿ ರಿಮೆಂಬರ್ಡ್ ವಿಲೇಜ್’ (1976) ಬರೆದರು. ತಮಗೆ ದಕ್ಕಿದ್ದು ಮೇಲ್ಜಾತಿಯವರ ಕಣ್ಣಿನ ಹಳ್ಳಿ ಎಂದು ಆ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಯಾರ ಮನೆಯ ಮುಂದೆ ಕುಳಿತು ನೋಡುತ್ತೇವೆಯೋ ಅಲ್ಲಿಗೆ ಬರಬಲ್ಲವರಷ್ಟೇ ಕಾಣಿಸುತ್ತಾರೆ. ಅಧ್ಯಯನಕ್ಕೆ ಬಂದ ವಿದ್ವಾಂಸರಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು, 1955ರ ಕಾಯ್ದೆ ಅದರ ಆಚರಣೆಯನ್ನು ಶಿಕ್ಷಾರ್ಹವಾಗಿಸಿತು. ಬಾವಿ, ಹೋಟೆಲು, ದೇವಸ್ಥಾನಗಳು ಕಾನೂನಿನ ಕಣ್ಣಿಗೆ ಬಿದ್ದವು. ಜಗಲಿಯಾದರೋ ಖಾಸಗಿ ಮನೆಯ ಭಾಗ. ಅಲ್ಲಿ ಯಾರನ್ನು ಕೂರಿಸಬೇಕು, ಯಾರನ್ನು ನಿಲ್ಲಿಸಬೇಕು ಎಂಬುದು ಮನೆಯವರ ಮರ್ಜಿಗೇ ಉಳಿಯಿತು. ಬಳಸುವಾಗ ಸಾರ್ವಜನಿಕ, ಹೊರಗಿಡುವಾಗ ಖಾಸಗಿ ಎಂಬ ಅನುಕೂಲ ಜಗಲಿಗೆ ಬಹುಕಾಲ ದೊರೆತದ್ದು ಹೀಗೆ.

ಹೆಂಗಸರ ವಿಷಯದಲ್ಲಿಯೂ ಹೊತ್ತಿನ ಗಡಿಯಿತ್ತು. ಮಧ್ಯಾಹ್ನ ಜಗಲಿಯಲ್ಲಿ ಕುಳಿತಿದ್ದವರು ಹಿರಿಯ ಗಂಡಸೊಬ್ಬ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡೊಡನೆ ಮೊರ, ಗೆರಸೆ ಎತ್ತಿಕೊಂಡು ಒಳಸೇರಬೇಕಿತ್ತು. ಸಂಜೆಯ ಮಾತುಕತೆಯನ್ನು ಅವರು ಕೇಳುತ್ತಿದ್ದುದು ಬಾಗಿಲ ಸಂದಿಯಿಂದ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿಯಿದ್ದ ಮನೆಗಳಲ್ಲಿ ಆ ಮೂಲೆಯೂ ಹೊರಭಾಗದಲ್ಲೇ ಎಲ್ಲಿಯೋ ಇರುತ್ತಿತ್ತು. ಹೊಸ ಮನೆ ಕಟ್ಟಿಸುವಾಗ ಜಗಲಿ ಬೇಡವೆಂದ ಸೊಸೆಯಂದಿರನ್ನು ಹೊಸ ಕಾಲದ ಸೊಕ್ಕಿನವರು ಎಂದು ದೂರುವ ಮುನ್ನ ಇದನ್ನೂ ನೆನೆಯಬೇಕಾಗುತ್ತದೆ.

ಕಾಂಪೌಂಡಿನ ಹಿಂದೆ

ನಗರಗಳಲ್ಲಿ ಜಗಲಿ ಹಿಂದೆ ಸರಿಯತೊಡಗಿದ್ದು ಬಹಳ ಮೊದಲು. 1898ರ ಪ್ಲೇಗ್ ಬೆಂಗಳೂರಿನ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಖಾಲಿ ಮಾಡಿಸಿತು. ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದದ್ದು ಆ ಬಳಿಕವೇ. ಗಾಳಿ ಬೆಳಕಿಗೆಂದು ಮನೆಯ ಸುತ್ತ ಜಾಗ ಬಿಡುವುದು ಅಲ್ಲಿ ಕ್ರಮವಾಯಿತು. ಮೈಸೂರಿನಲ್ಲಿ 1903ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಕೂಡ ಹೊಸ ಬಡಾವಣೆಗಳನ್ನು ರೂಪಿಸಿತು. ಮನೆಯ ಮುಂದೆ ತೋಟ, ತೋಟದ ಮುಂದೆ ಗೇಟು. ವರಾಂಡವೇನೋ ಇತ್ತು, ಮರದ ಜಾಲರಿಯ ಚೆಂದದ ‘ಮಂಕಿ ಟಾಪ್’ ಕೂಡ ಇತ್ತು. ಆದರೆ ಬೀದಿಯಿಂದ ಅಲ್ಲಿಗೆ ತಲುಪಲು ಗೇಟಿನ ಚಿಲಕ ತೆಗೆಯಬೇಕಾಗಿತ್ತು. ಆರೋಗ್ಯದ ದೃಷ್ಟಿಯಿಂದ ಈ ಬದಲಾವಣೆ ಸಮರ್ಥನೀಯ. ದಾರಿಹೋಕನಿಗೂ ಕುಳಿತವನಿಗೂ ನಡುವಿನ ಅಂತರ ಮಾತ್ರ ಎರಡಡಿಯಿಂದ ಇಪ್ಪತ್ತು ಅಡಿಗೆ ಏರಿತು.

ಹಳ್ಳಿ, ಪಟ್ಟಣಗಳಲ್ಲಿ ಬದಲಾವಣೆ ತಂದದ್ದು ದೂರದರ್ಶನ. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರಗಳಂದು ‘ರಾಮಾಯಣ’ ಪ್ರಸಾರವಾದಾಗ ಟಿವಿ ಇದ್ದ ಮನೆಯ ಹಾಲ್‌ಗೆ ಇಡೀ ಬೀದಿ ನುಗ್ಗಿತು. ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದವರೂ ಉಂಟು. ಆಗ ಜಗಲಿಯಲ್ಲಿದ್ದವರ ಮುಖ ಮೊದಲ ಬಾರಿಗೆ ಬೀದಿಯಿಂದ ಒಳಗಡೆಗೆ ತಿರುಗಿತು. ಪ್ರತಿ ಮನೆಗೂ ಟಿವಿ ಬಂದ ಮೇಲೆ ಜಗಲಿಗೆ ಸಂಜೆ ಯಾರೂ ಬರಲಿಲ್ಲ.

ಉಳಿದದ್ದನ್ನು ವಾಹನ ಮುಗಿಸಿತು. ರಸ್ತೆಯಲ್ಲಿ ಧೂಳು, ಹಾರ್ನ್ ಹೆಚ್ಚಾದಂತೆ ಕುಳಿತುಕೊಳ್ಳುವುದು ಹಿತವೆನಿಸದಾಯಿತು. ಬೈಕ್ ನಿಲ್ಲಿಸಲೆಂದು ಜಗಲಿಯ ಅರ್ಧ ಭಾಗವನ್ನು ಒಡೆದು ಇಳಿಜಾರು ಮಾಡಿದರು. ಕಳ್ಳರ ಭಯಕ್ಕೆ ಕಬ್ಬಿಣದ ಗ್ರಿಲ್ ಬಂತು. ಬೀದಿಗೆ ಬೆಲೆ ಬಂದ ಕಡೆ ಜಗಲಿಗೆ ಷಟರ್ ಹಾಕಿ ಅಂಗಡಿ ಮಾಡಲಾಯಿತು. ಇಂದು ಅನೇಕ ಪಟ್ಟಣಗಳ ಜೆರಾಕ್ಸ್, ಮೊಬೈಲ್ ರೀಚಾರ್ಜ್ ಅಂಗಡಿಗಳ ನೆಲವನ್ನು ದಿಟ್ಟಿಸಿದರೆ ಹಳೆಯ ಕೆಂಪು ಗಾರೆಯ ಅಂಚು ಕಾಣುತ್ತದೆ.

ಕಾನೂನಿನ ಪಾತ್ರವನ್ನೂ ಗಮನಿಸಬೇಕು. ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಹಾಗೂ ಮಹಾನಗರ ಪಾಲಿಕೆಗಳ ಅಧಿನಿಯಮ, 1976 ಎರಡೂ ಸಾರ್ವಜನಿಕ ಬೀದಿಗೆ ಚಾಚಿದ ಕಟ್ಟಡ ಭಾಗಗಳನ್ನು ತೆರವುಗೊಳಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿವೆ. ಬೀದಿ ಸಂಚಾರಕ್ಕೆಂದೇ ಇರುವುದಾದರೆ ಜಗಲಿ ಅಡ್ಡಿಯೇ ಸರಿ. ರಸ್ತೆ ವಿಸ್ತರಣೆಗೆಂದು ರಸ್ತೆಯ ನಡುವಿನಿಂದ ಇಂತಿಷ್ಟು ಅಡಿ ಎಂದು ಅಳತೆ ಮಾಡಿ ಕೆಂಪು ಬಣ್ಣದ ಗುರುತು ಹಾಕುವಾಗ ಮೊದಲು ಗೆರೆಯೊಳಗೆ ಬೀಳುವುದು ಅದೇ. ಹಕ್ಕುಪತ್ರದಲ್ಲಿ ನಮೂದಾದ ಅಳತೆ ಗೋಡೆಯವರೆಗಷ್ಟೇ ಇದ್ದರೆ ಕಟ್ಟೆಗೆ ಪರಿಹಾರ ಕೇಳುವುದೂ ಕಷ್ಟ. ನೂರು ವರ್ಷ ಬೀದಿಗೆ ಬಿಟ್ಟುಕೊಟ್ಟಿದ್ದ ಜಾಗವನ್ನು ಬೀದಿಯ ಒತ್ತುವರಿ ಎಂದು ಬರೆದು ನೋಟಿಸ್ ಕೊಟ್ಟರೆ ಮನೆಯವರು ತೋರಿಸಲು ಯಾವ ಕಾಗದವೂ ಇರುವುದಿಲ್ಲ.

ಉಳಿದಿರುವೆಡೆ

ಮೇಲುಕೋಟೆಯ ಹಳೆಯ ಬೀದಿಗಳಲ್ಲಿ ಕಂಬಗಳ ಜಗಲಿಯಿರುವ ಮನೆಗಳು ಇನ್ನೂ ಇವೆ. ವೈರಮುಡಿ ಉತ್ಸವದ ರಾತ್ರಿ ದೂರದೂರುಗಳಿಂದ ಬಂದ ಜನರಿಗೆ ಈ ಜಗಲಿಗಳೇ ಆಸರೆ. ಗೋಕರ್ಣದ ರಥಬೀದಿಯಲ್ಲೂ ಇಂಥ ಮನೆಗಳನ್ನು ನೋಡಬಹುದು. ತೇರು ಎಳೆಯುವ ಬೀದಿಗಳಲ್ಲಿ ಜಗಲಿ ಬಾಳಿಕೊಂಡಿರುವುದು ಆಕಸ್ಮಿಕವಲ್ಲ. ತೇರು ನೋಡಲು ಎತ್ತರದ ಜಾಗ ಬೇಕು, ವರ್ಷಕ್ಕೊಮ್ಮೆಯಾದರೂ ಅದರ ಉಪಯೋಗ ಕಣ್ಣಿಗೆ ಕಾಣುತ್ತದೆ.

ಕುಪ್ಪಳಿಯ ಕವಿಮನೆ ಸಂಗ್ರಹಾಲಯವಾಗಿ ರಕ್ಷಿತವಾಗಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಾಡಿನ ಬೇರೆಬೇರೆ ಕಡೆಗಳಿಂದ ಬಿಚ್ಚಿ ತಂದು ಮರುಜೋಡಿಸಿದ ಮನೆಗಳಿವೆ. ಕಂಬ, ಹಲಗೆ, ಕೆತ್ತನೆಗಳ ಮಟ್ಟಿಗೆ ಇದು ದೊಡ್ಡ ಸೇವೆ. ಆದರೆ ಬೀದಿಯನ್ನು ಬಿಚ್ಚಿ ತರಲು ಬರುವುದಿಲ್ಲ. ಹಾದುಹೋಗುವವರಿಲ್ಲದ ಕಡೆ ಜಗಲಿ ಒಂದು ಕಟ್ಟೆಯಷ್ಟೇ. ಈಗಿನ ಮನೆಗಳ ನಕ್ಷೆಯಲ್ಲಿ ‘ಸಿಟ್‌ಔಟ್’ ಎಂಬ ಹೆಸರಿನಲ್ಲಿ ಒಂದು ಪುಟ್ಟ ಜಾಗ ಇರುತ್ತದೆ. ಅಲ್ಲಿ ಚಪ್ಪಲಿ ಗೂಡು ಇರುತ್ತದೆ, ತುಳಸಿ ಕುಂಡ ಇರುತ್ತದೆ. ಕುಳಿತುಕೊಳ್ಳುವವರು ಅಪರೂಪ.

2020ರಲ್ಲಿ ಜಗಲಿಗೆ ಅನಿರೀಕ್ಷಿತವಾಗಿ ಕೆಲಸ ಬಂತು. ಕೋವಿಡ್ ಕಾರಣ ಮಾರ್ಚ್‌ನಿಂದ ಶಾಲೆಗಳು ಮುಚ್ಚಿದ್ದವು. ಒಳಗೆ ಬರುವಂತಿಲ್ಲದ ಅತಿಥಿ, ನೆರೆಯವರು ಜಗಲಿಯ ಆ ತುದಿಯಲ್ಲಿ, ಮನೆಯವರು ಈ ತುದಿಯಲ್ಲಿ ಕುಳಿತು ಮಾತಾಡಿದರು. ಮೊಬೈಲ್, ನೆಟ್‌ವರ್ಕ್ ಇಲ್ಲದ ಮಕ್ಕಳನ್ನು ತಲುಪಲೆಂದು ರಾಜ್ಯ ಶಿಕ್ಷಣ ಇಲಾಖೆ ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಯೋಜನೆಯನ್ನು ಜಾರಿಗೊಳಿಸಿತು. ಶಿಕ್ಷಕರೇ ಮಕ್ಕಳಿದ್ದ ಕಡೆಗೆ ಹೋಗಿ ಗುಡಿಯ ಪ್ರಾಂಗಣ, ಸಮುದಾಯ ಭವನ, ಅರಳಿಕಟ್ಟೆ, ಮನೆಗಳ ಜಗಲಿಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಮಾಡಿದರು. ಈ ಬಾರಿ ಕುಳಿತ ಮಕ್ಕಳಲ್ಲಿ ಹೆಣ್ಣುಮಕ್ಕಳ ಸಂಖ್ಯೆ 60ಕ್ಕೆ ನಿಲ್ಲಲಿಲ್ಲ. ಸರ್ಕಾರಿ ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಎಲ್ಲ ಜಾತಿಯ ಮಕ್ಕಳೂ ಆ ಗುಂಪುಗಳಿಗೆ ಸೇರಿದವರಾಗಿದ್ದರು. ಸೋಂಕು ಹರಡುವ ಆತಂಕದಿಂದ ಅಕ್ಟೋಬರ್‌ನಲ್ಲಿ ಯೋಜನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. 2021ರ ಜನವರಿಯಲ್ಲಿ ಅದು ಪರಿಷ್ಕೃತ ರೂಪದಲ್ಲಿ ಮತ್ತೆ ಆರಂಭವಾದಾಗ ಪಾಠ ಶಾಲೆಯ ಆವರಣಕ್ಕೆ ಮರಳಿತ್ತು.